ಸ್ಪೋಕನ್ ಇಂಗ್ಲಿಷ್ ಕ್ಲಾಸ್: ಮೇಡಂ ಬ್ಯಾಚ್ ಸಿಕ್ಕರೆ ಸೇರಿ

ನಮ್ಮ ಏರಿಯಾದಲ್ಲಿ ಬೇಕರಿ ಮೇಲಿನ ಮಹಡಿಯಲ್ಲಿ ನಡೆಯುವ ಈ ಕ್ಲಾಸಿಗೆ ಐದಕ್ಕೆ ನಾಲ್ಕು ಸ್ಟಾರ್. ಅದರಲ್ಲಿ ಮೂರು ಒಂದೇ ಪಾಠಕ್ಕೆ ಅಂತ ಇಟ್ಟುಕೊಳ್ಳಿ. ಲುಕ್, ಸೌಂಡ್, ಸ್ಮೆಲ್, ಟೇಸ್ಟ್, ಫೀಲ್, ಈ ಐದರ ಪಾಠ.

ಕನ್ನಡದವರು ಎಡವುವುದು ಇಲ್ಲೇ. 'ಸುಂದರವಾಗಿ ಕಾಣ್ತೀಯ' ಅಂತ ಹೇಳಿ ಹೇಳಿ ರೂಢಿಯಾಗಿರುತ್ತೆ, ಇಂಗ್ಲಿಷಿಗೆ ಬಂದಾಗ ಆ 'ಆಗಿ'ಗೆ ಬದಲು ಒಂದು 'ಲಿ' ಅಂಟಿಸಿ 'ಯು ಲುಕ್ ಬ್ಯೂಟಿಫುಲಿ' ಅಂದುಬಿಡುತ್ತೇವೆ. ಬ್ಯೂಟಿಫುಲ್ ಅಂದರೆ ಸಾಕು. ಕ್ರಿಯಾಪದ ಇದ್ದ ಕಡೆ ಆಡ್ವರ್ಬ್ ಬರಬೇಕು ಅಂತ ಸ್ಕೂಲಲ್ಲಿ ಉರು ಹೊಡೆದವರಿಗೆ ಇದು ಇನ್ನೂ ಗೊಂದಲ.

ಮೇಡಂ ಬೋರ್ಡ್ ಕಡೆ ಹೋಗಲೇ ಇಲ್ಲ. ಬ್ಯಾಗಿನಿಂದ ಇಂಗಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮುಖ ಸ್ವಲ್ಪ ಹಿಂದಿಟ್ಟುಕೊಂಡೇ ಹುಷಾರಾಗಿ ಮೂಸಿದರು. 'ಐ ಸ್ಮೆಲ್ಟ್ ಇಟ್ ಕೇರ್‌ಫುಲಿ.' ಮೂಸಿದ್ದು ನಾನು, ಹೇಗೆ ಮೂಸಿದೆ ಅಂತ ಹೇಳ್ತಿದೀನಿ, ಅದಕ್ಕೇ 'ಲಿ' ಬೇಕು ಅಂದರು. ಆಮೇಲೆ ಡಬ್ಬಿ ಬೆಂಚಿಂದ ಬೆಂಚಿಗೆ ಹೋಯಿತು. 'ಇಟ್ ಸ್ಮೆಲ್ಸ್ ಸ್ಟ್ರಾಂಗ್.' ಸ್ಟ್ರಾಂಗ್ಲಿ ಯಾಕಲ್ಲ ಅಂತ ಯಾರೋ ಕೇಳಿದ್ದಕ್ಕೆ, 'ಇಂಗಿಗೆ ಮೂಗಿದೆಯೇನಪ್ಪಾ?' ಅಷ್ಟೇ ಉತ್ತರ. ಇಂಗು ಏನನ್ನೂ ಮೂಸುತ್ತಿಲ್ಲ, ಅದು ಹೇಗಿದೆ ಅಂತ ನಾವು ಹೇಳ್ತಿದೀವಿ, ಅಲ್ವಾ?

ಅನುಮಾನ ಬಂದರೆ ಆ ಕ್ರಿಯಾಪದ ತೆಗೆದು 'ಈಸ್' ಹಾಕಿ ನೋಡಿ ಅಂತ ಒಂದು ಉಪಾಯವನ್ನೂ ಕೊಟ್ಟರು. 'ದ ಕಾಫಿ ಟೇಸ್ಟ್ಸ್ ಬಿಟರ್', 'ದ ಕಾಫಿ ಈಸ್ ಬಿಟರ್', ಎರಡೂ ನಿಲ್ಲುತ್ತೆ. 'ಹಿ ಲುಕ್ಡ್ ಆಂಗ್ರಿಲಿ ಅಟ್ ಮಿ' ಅನ್ನೋದರಲ್ಲಿ 'ಈಸ್' ಆಗಲಿ 'ವಾಸ್' ಆಗಲಿ ಕೂರಲ್ಲ, ಅಲ್ಲಿ ನಿಜವಾಗಿ ದುರುಗುಟ್ಟಿ ನೋಡಿದ್ದಾನೆ. ಬರೀ 'ಹಿ ಲುಕ್ಡ್ ಆಂಗ್ರಿ' ಅಂದರೆ ಸಿಟ್ಟಲ್ಲಿದ್ದ ಹಾಗೆ ಕಂಡ ಅಂತ. ಮುಂದೆ ನಾಮಪದ ಬಂದರೆ 'ಲೈಕ್' ಸೇರಿಸಬೇಕು, ಅದನ್ನು ಐದೇ ನಿಮಿಷದಲ್ಲಿ ಮುಗಿಸಿದರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಅವರು ಫೀಸಿನ ಜೊತೆ ಕೊಡುವ ಪುಸ್ತಕಕ್ಕೆ. 'ಯು ಲುಕ್ ವೆಲ್' ತಪ್ಪು, 'ಗುಡ್' ಮಾತ್ರ ಸರಿ ಅಂತ ಅದರ ಉತ್ತರದ ಪುಟದಲ್ಲಿದೆ. ಆರೋಗ್ಯವಾಗಿ ಕಾಣ್ತೀಯ ಅನ್ನೋಕೆ 'ವೆಲ್' ಸರಿಯೇ. 'ಫ್ರೆಂಡ್ಲಿ'ಯನ್ನು ಆಡ್ವರ್ಬ್ ಪಟ್ಟಿಗೆ ಸೇರಿಸಿದ್ದಾರೆ, ಕೊನೆಯಲ್ಲಿ 'ಲಿ' ಇದೆ ಅಂತ ಇರಬೇಕು! 'ಶಿ ಸೌಂಡ್ಸ್ ಫ್ರೆಂಡ್ಲಿ' ಅಂತ ಧಾರಾಳವಾಗಿ ಹೇಳಬಹುದು. ಮೇಡಂಗೆ ತೋರಿಸಿದರೆ ನಕ್ಕು, ಪೆನ್ ತೆಗೆದು ಅಲ್ಲೇ ತಿದ್ದಿದರು.

ಬೆಳಗಿನ ಬ್ಯಾಚ್ ಬೇರೆ ಸರ್ ತಗೋತಾರೆ, ಅವರು ಸುಮ್ನೆ ಇದೇ ಪುಸ್ತಕ ಓದಿಸ್ತಾರೆ. ದುಡ್ಡು ಕಟ್ಟುವ ಮುಂಚೆ ಸಂಜೆ ಬ್ಯಾಚಲ್ಲಿ ಸೀಟ್ ಇದೆಯಾ ಅಂತ ಕೇಳಿಕೊಳ್ಳಿ.