ಡಾಸ್ ಲ್ಯಾಪ್‌ಟಾಪ್‌ಗೆ ಅಂಗಡಿಯಲ್ಲಿ "ಒರಿಜಿನಲ್ ವಿಂಡೋಸ್" ಹಾಕಿಸೋರು ಇದನ್ನು ಓದಿ

ಓಎಸ್ (ಕಂಪ್ಯೂಟರ್ ನಡೆಸುವ ವಿಂಡೋಸ್ ಥರದ ಮೂಲ ಸಾಫ್ಟ್‌ವೇರ್) ಇಲ್ಲದ, ಅಂಗಡಿಯವರು ಡಾಸ್ ಅನ್ನುವ, ಹೊಸ ಲ್ಯಾಪ್‌ಟಾಪ್ ತಗೊಳ್ಳುವಾಗ ಅಂಗಡಿಯವನು "ವಿಂಡೋಸ್ ನಾವೇ ಹಾಕಿಕೊಡ್ತೀವಿ ಸರ್, ಒರಿಜಿನಲ್ ಕೀ, ಲೈಫ್‌ಟೈಮ್" ಅಂದರೆ ಅಲ್ಲೇ ನಿಲ್ಲಿ. (ಕೀ ಅಂದರೆ ವಿಂಡೋಸ್ ಲೈಸೆನ್ಸಿಗೆ ಕೊಡುವ ಅಕ್ಷರ-ಅಂಕಿಗಳ ಸಾಲು.) ಒಂದು ರೂಪಾಯಿ ಕೊಡಬೇಡಿ. ನಾನು 2,500 ಕೊಟ್ಟೆ. ಕೊಟ್ಟು ಏನು ತಗೊಂಡೆ ಅಂತ ಗೊತ್ತಾದ ದಿನ ಮೈ ಉರಿದುಹೋಯಿತು. ಇನ್ನೂ ಉರಿಯುತ್ತಲೇ ಇದೆ.

ಮಗಳು ಬಿಕಾಂ ಓದುತ್ತಿದ್ದಾಳೆ. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಕಲಿಯಬೇಕು, ಟ್ಯಾಲಿಗೆ ವಿಂಡೋಸ್ ಬೇಕು. ಹಾಗಾಗಿ "ಬಿಟ್ಟಿ ಸಿಗೋ ಓಎಸ್ ಉಬುಂಟು ಹಾಕ್ಕೋಬಹುದಿತ್ತಲ್ಲ" ಅನ್ನೋರು ದಯವಿಟ್ಟು ಸ್ವಲ್ಪ ಸುಮ್ನಿರಿ, ಆ ಉಪದೇಶ ಆಗಲೇ ಸಾಕಷ್ಟು ಕೇಳಿದ್ದೇನೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಅಂಗಡಿ ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ. ಒಂದೇ ಮಾಡೆಲ್, ಒಂದೇ ಬಣ್ಣ, ವಿಂಡೋಸ್ ಇದ್ದದ್ದಕ್ಕೆ ಸುಮಾರು ಆರು ಸಾವಿರ ಜಾಸ್ತಿ. ಡಬ್ಬಿಯ ಮೇಲೆ ಫ್ರೀಡಾಸ್ ಅಂತ ಇದ್ದದ್ದು ಕಮ್ಮಿ. ಕೌಂಟರಿನಲ್ಲಿದ್ದ ಓನರೇ ಹೇಳಿದ್ದು, "ಸುಮ್ನೆ ಯಾಕೆ ಸರ್ ಆರು ಸಾವಿರ ದಂಡ? ಡಾಸ್ ತಗೊಳ್ಳಿ, ನಮ್ಮ ಹುಡುಗ ಹಾಕಿಕೊಡ್ತಾನೆ."

ನಾನು ಕೇಳಿದೆ. ಬಿಡಿಸಿ ಬಿಡಿಸಿ ಕೇಳಿದೆ. ಕ್ರ್ಯಾಕ್ (ಕದ್ದು ಓಡಿಸುವ ನಕಲಿ) ಬೇಡ, ಮಗಳು ಕಾಲೇಜಿಗೆ ಒಯ್ಯುತ್ತಾಳೆ, ನಾವು ಬ್ಯಾಂಕಿನ ಕೆಲಸವೂ ಅದರಲ್ಲೇ ಮಾಡುತ್ತೇವೆ, ಒರಿಜಿನಲ್ ಇದ್ದರೆ ಮಾತ್ರ ಹಾಕಿ ಅಂದೆ. "ನೂರಕ್ಕೆ ನೂರು ಒರಿಜಿನಲ್ ಸರ್, ನಾವು ಬಲ್ಕ್‌ನಲ್ಲಿ ತಗೋತೀವಿ, ಅದಕ್ಕೇ ನಮಗೆ ಕಮ್ಮಿ ಬೀಳುತ್ತೆ." ಕೇಳಿದರೆ ನಿಜ ಅನ್ನಿಸುತ್ತೆ, ಅಲ್ವಾ? ಚಿಲ್ಲರೆಗೂ ಹೋಲ್‌ಸೇಲ್‌ಗೂ ರೇಟು ಬೇರೆ ಇರೋದು ಎಲ್ಲರಿಗೂ ಗೊತ್ತಿರುವುದೇ.

ಹುಡುಗ ಬಂದ. ಐಡಿ ಕಾರ್ಡಿನ ಟ್ಯಾಗಿಗೆ ಪೆನ್‌ಡ್ರೈವ್ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಇನ್‌ಸ್ಟಾಲ್ ಆದಮೇಲೆ ಮೊದಲು ಮಾಡಿದ ಕೆಲಸ ಅಂದರೆ ವೈರಸ್ ತಡೆಯೋಕೆ ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಆಫ್ ಮಾಡಿದ್ದು. ನಾನು ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದೆ. ಕಪ್ಪು ಕಿಟಕಿಯೊಂದು ತೆರೆದುಕೊಂಡಿತು, ಒಂದಷ್ಟು ಅಕ್ಷರ ಸರಸರ ಓಡಿತು, ಮುಚ್ಚಿತು. "ಏನಪ್ಪಾ ಅದು?" "ಡ್ರೈವರ್ ಸರ್." (ಲ್ಯಾಪ್‌ಟಾಪಿನ ಭಾಗಗಳು ಕೆಲಸ ಮಾಡೋಕೆ ಬೇಕಾದ ಸಣ್ಣ ಸಾಫ್ಟ್‌ವೇರ್ ಅದು.) ಆಮೇಲೆ ಸೆಟ್ಟಿಂಗ್ಸ್ ತೆಗೆದು, ಲೈಸೆನ್ಸ್ ಚಾಲೂ ಇದೆಯಾ ಅಂತ ಹೇಳುವ ಆಕ್ಟಿವೇಷನ್ ಪುಟ ತೋರಿಸಿದ. ವಿಂಡೋಸ್ 11 ಪ್ರೋ, ಆಕ್ಟಿವ್, ಪಕ್ಕದಲ್ಲಿ ಹಸಿರು ಟಿಕ್. "ನೋಡ್ಕೊಳ್ಳಿ ಸರ್." ಎಂಎಸ್ ಆಫೀಸ್ ಬೇರೆ "ನಮ್ಮ ಕಡೆಯಿಂದ ಫ್ರೀ".

ದುಡ್ಡು ಕೊಡುವಾಗ ಅಂಗಡಿ ಕ್ಯೂಆರ್‌ಗೆ ಫೋನ್ ಹಿಡಿದರೆ, ಹುಡುಗ "ಅದಕ್ಕೆ ಬೇಡ ಸರ್, ಜಿಎಸ್‌ಟಿ ಸೇರಿ ಜಾಸ್ತಿ ಆಗುತ್ತೆ, ನನ್ನ ನಂಬರಿಗೆ ಹಾಕಿಬಿಡಿ" ಅಂದ. ಓನರ್ ಎದುರಿಗೇ ಕೂತಿದ್ದರು, ಹೂಂ ಅಂತ ತಲೆಯಾಡಿಸಿದರು. ಲ್ಯಾಪ್‌ಟಾಪ್‌ಗೆ ಪಕ್ಕಾ ಬಿಲ್, ಸೀರಿಯಲ್ ನಂಬರ್ ಸಮೇತ. ವಿಂಡೋಸ್‌ಗೆ ಒಂದು ಚೀಟಿ. ಚೀಟಿಯಲ್ಲಿ ಪೆನ್ನಿನಲ್ಲಿ "ಓಎಸ್ + ಆಫೀಸ್ 2500". ಸೀಲಿಲ್ಲ, ಸಹಿಯಿಲ್ಲ.

ಆರು ತಿಂಗಳು ಏನೂ ತೊಂದರೆ ಇರಲಿಲ್ಲ. ನಾನೂ ಆಫೀಸಿನಲ್ಲಿ ನಾಲ್ಕು ಜನರಿಗೆ "ಡಾಸ್ ತಗೊಳ್ರೀ, ಆರು ಸಾವಿರ ಉಳಿಯುತ್ತೆ" ಅಂತ ದೊಡ್ಡದಾಗಿ ಹೇಳಿಕೊಂಡು ಓಡಾಡಿದೆ. ಆಮೇಲೆ ಒಂದು ದಿನ ಮಗಳು "ಅಪ್ಪಾ, ಲೈಸೆನ್ಸ್ ಮುಗಿಯುತ್ತೆ ಅಂತ ಬರ್ತಿದೆ" ಅಂದಳು. ಲೈಫ್‌ಟೈಮ್ ಕೀಗೆ ಮುಗಿಯೋದು ಎಲ್ಲಿಂದ ಬಂತು? ಸೆಟ್ಟಿಂಗ್ಸ್ ತೆಗೆದು ನೋಡಿದರೆ ಕೆಂಪು ಗುರುತು. ಕೆಳಗೆ ಇಂಗ್ಲಿಷಿನಲ್ಲಿ, ನಿಮ್ಮ ಸಂಸ್ಥೆಯ ಆಕ್ಟಿವೇಷನ್ ಸರ್ವರ್ ಸಿಗುತ್ತಿಲ್ಲ ಅಂತ ಸಂದೇಶ. ಯಾವ ಸಂಸ್ಥೆ ಮಾರಾಯ್ರೇ? ಇದು ನಮ್ಮ ಮನೆ. ಇರೋದು ನಾನು, ಹೆಂಡತಿ, ಮಗಳು.

ಹುಡುಗನಿಗೆ ವಾಟ್ಸ್ಆ್ಯಪ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ. "ಅಪ್‌ಡೇಟ್ ಯಾಕೆ ಮಾಡಿದ್ರಿ ಸರ್?" ನಾನು ಮಾಡಿಲ್ಲಪ್ಪಾ, ಅದಾಗಿಯೇ ಆಗುತ್ತೆ ಅಂದೆ. "ನೆಟ್‌ಗೆ ಕನೆಕ್ಟ್ ಮಾಡಿದ್ರೆ ಹಂಗೇ ಸರ್." ನೆಟ್‌ಗೆ ಕನೆಕ್ಟ್ ಮಾಡದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನು ಮಾಡಲಿ, ಪೂಜೆ ಮಾಡಲಾ? "ಡಿಫೆಂಡರ್ ಆಫ್ ಮಾಡಿ, ನಾನು ಒಂದು ಫೈಲ್ ಕಳಿಸ್ತೀನಿ, ಡಬಲ್ ಕ್ಲಿಕ್ ಮಾಡಿ ಸರ್." ಆಗ ಅನುಮಾನ ಬಂತು. ಡಬಲ್ ಕ್ಲಿಕ್ ಮಾಡಲಿಲ್ಲ.

ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಾನೆ, ಅವನನ್ನು ಕರೆಸಿದೆ. ಬಂದವನು ವಿಂಡೋಸ್ ಬಟನ್ ಜೊತೆ ಆರ್ ಒತ್ತಿ ಏನೋ ಟೈಪ್ ಮಾಡಿದ. ಸಣ್ಣ ಕಿಟಕಿ ಬಂತು. ನೋಡಿದವನೇ ನಗೋದಕ್ಕೆ ಶುರು. "ಮಾವ, ಇದು ವಾಲ್ಯೂಮ್ ಕೆಎಂಎಸ್ ಕ್ಲೈಂಟ್. ದೊಡ್ಡ ಕಂಪನಿಗಳಿಗೆ ಕೊಡೋದು." ಕಂಪನಿಯ ಒಳಗೆ ಅವರದೇ ಒಂದು ಸರ್ವರ್ ಇರುತ್ತಂತೆ, ಕಡಿಮೆ ಅಂದರೂ 25 ಕಂಪ್ಯೂಟರ್ ಅದನ್ನು ಕೇಳಿಕೊಂಡು ಬಂದರೆ ಮಾತ್ರ ಅದು ಆಕ್ಟಿವೇಟ್ ಮಾಡುತ್ತಂತೆ, ಅದೂ 180 ದಿನಕ್ಕೆ ಮಾತ್ರ. ಅಷ್ಟರೊಳಗೆ ಮತ್ತೆ ಹೋಗಿ ಸರ್ವರನ್ನು ಮಾತಾಡಿಸಬೇಕು. ಹುಡುಗ ಆ ಕಪ್ಪು ಕಿಟಕಿಯಲ್ಲಿ ಓಡಿಸಿದ್ದು ಡ್ರೈವರ್ ಅಲ್ಲ, ಅಂಥದ್ದೊಂದು ಸುಳ್ಳು ಸರ್ವರ್. 180 ದಿನ. ಅವರ ಲೈಫ್‌ಟೈಮ್ ಇಷ್ಟೇ!

ಇದಕ್ಕಿಂತ ಹೊಟ್ಟೆ ಉರಿದದ್ದು ಮುಂದಿನದಕ್ಕೆ. ಆ ಕಿಟಕಿಯಲ್ಲಿ ಕೀಯ ಕೊನೆಯ ಐದು ಅಕ್ಷರ ಕಾಣಿಸುತ್ತೆ. ಟಿ, 8, 3, ಜಿ, ಎಕ್ಸ್. ಅಳಿಯ ಮೈಕ್ರೋಸಾಫ್ಟ್‌ನ ಸೈಟನ್ನೇ ತೆಗೆದು ತೋರಿಸಿದ. ಆ ಕೀ ಪೂರ್ತಿಯಾಗಿ ಅಲ್ಲೇ ಹಾಕಿದ್ದಾರೆ. ಯಾರು ಬೇಕಾದರೂ ನೋಡಬಹುದು. ಕಂಪನಿಗಳಲ್ಲಿ ಪ್ರೋ ಹಾಕುವಾಗ ಎಲ್ಲರೂ ಬಳಸುವ ಒಂದೇ ಕೀ, ಸರ್ವರ್ ಇಲ್ಲದೆ ಅದರಿಂದ ಏನೂ ಆಗೋದಿಲ್ಲ. ಮೈಕ್ರೋಸಾಫ್ಟ್ ಬಿಟ್ಟಿಯಾಗಿ ಬರೆದು ಇಟ್ಟಿರುವ ಕೀಯನ್ನು ಈ ಮಹಾಶಯರು "ಬಲ್ಕ್‌ನಲ್ಲಿ ತಗೊಂಡು" ನನಗೆ 2,500ಕ್ಕೆ ಮಾರಿದ್ದಾರೆ. ಅಳಿಯನ ಮುಂದೆ ನನಗೆ ತಲೆ ಎತ್ತೋಕೆ ಆಗಲಿಲ್ಲ.

ಆಮೇಲೆ ಡಿಫೆಂಡರ್ ತೆಗೆದ. ಯಾವ ಫೋಲ್ಡರನ್ನು ಸ್ಕ್ಯಾನ್ ಮಾಡಬಾರದು ಅಂತ ಒಂದು ಪಟ್ಟಿ ಇರುತ್ತೆ ಅದರಲ್ಲಿ. ಪಟ್ಟಿಯಲ್ಲಿ ಇಡೀ ಸಿ ಡ್ರೈವ್! ಅಂದರೆ ಇಷ್ಟು ದಿನ ವೈರಸ್ ಬಂದಿದ್ದರೂ ಕೇಳೋರಿಲ್ಲ. ಅದೇ ಮಷಿನ್‌ನಲ್ಲಿ ನನ್ನ ಹೆಂಡತಿ ನೆಟ್ ಬ್ಯಾಂಕಿಂಗ್ ಮಾಡುತ್ತಿದ್ದಳು, ಮಗಳು ಸ್ಕಾಲರ್‌ಶಿಪ್ ಅರ್ಜಿಗೆ ಆಧಾರ್, ಪಾಸ್‌ಬುಕ್ ಎಲ್ಲ ಹಾಕಿದ್ದಳು. ಆ ರಾತ್ರಿ ಕೂತು ಮೊಬೈಲಿನಲ್ಲಿ ಎಲ್ಲ ಪಾಸ್‌ವರ್ಡ್ ಬದಲಿಸಿದೆವು. ಬೆಳಿಗ್ಗೆವರೆಗೂ ನಿದ್ದೆ ಇಲ್ಲ.

ಚೀಟಿ ಹಿಡಿದುಕೊಂಡು ಅಂಗಡಿಗೆ ಹೋದೆ. ಓನರ್ ಮೊದಲು "ಆ ಹುಡುಗ ಕೆಲಸ ಬಿಟ್ಟ ಸರ್" ಅಂದರು. ಅವನ ವಾಟ್ಸ್ಆ್ಯಪ್ ಡಿಪಿಯಲ್ಲಿ ಇವರದೇ ಅಂಗಡಿ ಬೋರ್ಡ್ ಇದೆ ಅಂತ ತೋರಿಸಿದೆ. "ನಮ್ಮ ಬಿಲ್‌ನಲ್ಲಿ ವಿಂಡೋಸ್ ಅಂತ ಎಲ್ಲಿದೆ ತೋರ್ಸಿ." ಚೀಟಿ ತೋರಿಸಿದೆ. "ಇದು ನಮ್ಮದಲ್ಲ, ದುಡ್ಡೂ ನಮಗೆ ಬಂದಿಲ್ಲ." ನೀವೇ ತಲೆಯಾಡಿಸಿದಿರಲ್ಲ ಸ್ವಾಮಿ ಅಂದೆ. ಆಗ ಬಂದ ಮಾತು ಕೇಳಿ, "2,500ಕ್ಕೆ ಒರಿಜಿನಲ್ ವಿಂಡೋಸ್ ಯಾರು ಕೊಡ್ತಾರೆ ಸರ್? ಓದಿದೋರು ನೀವು, ನಿಮಗೆ ಗೊತ್ತಾಗಲ್ವಾ?" ಅದೇ ಬಾಯಿ! ನೂರಕ್ಕೆ ನೂರು ಅಂದ ಅದೇ ಬಾಯಿ! ಪಕ್ಕದಲ್ಲಿ ನಿಂತಿದ್ದ ಗಿರಾಕಿಗಳು ನಕ್ಕರು. ನಗ್ರಪ್ಪಾ, ನಿಮ್ಮ ಸರದಿ ಬರುತ್ತೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ, ಯಾಕಂದ್ರೆ ಅವರಲ್ಲಿ ಒಬ್ಬರ ಕೈಯಲ್ಲಿ ಡಾಸ್ ಡಬ್ಬಿಯೇ ಇತ್ತು. ಹೊರಗೆ ಬಂದು ಅವರಿಗೆ ಹೇಳಿದೆ. ನಂಬಿದರೋ ಇಲ್ಲವೋ.

ಕೊನೆಗೆ ಎಲ್ಲ ಅಳಿಸಿ ಹೊಸದಾಗಿ ಹಾಕಿದ್ದು ಅಳಿಯನೇ. ಇದಕ್ಕೆ ಅಂಗಡಿಯೇ ಬೇಡ, ನಿಜವಾಗಿ. 8 ಜಿಬಿ ಪೆನ್‌ಡ್ರೈವ್, ಮೈಕ್ರೋಸಾಫ್ಟ್ ಸೈಟಿನಿಂದಲೇ ವಿಂಡೋಸ್ 11 ಡೌನ್‌ಲೋಡ್. ಕೀ ಕೇಳುವ ಕಡೆ "ನನ್ನ ಹತ್ತಿರ ಕೀ ಇಲ್ಲ" ಅನ್ನುವ ಆಯ್ಕೆ ಇದೆ, ಅದನ್ನು ಒತ್ತಿ ಮುಂದೆ ಹೋಗಬಹುದು. ಮೂಲೆಯಲ್ಲಿ ಆಕ್ಟಿವೇಟ್ ಮಾಡಿ ಅಂತ ಮಸುಕಾಗಿ ಬರುತ್ತೆ, ವಾಲ್‌ಪೇಪರ್ ಸೆಟ್ಟಿಂಗ್ ಲಾಕ್ ಆಗಿರುತ್ತೆ, ಮಿಕ್ಕಂತೆ ಕೆಲಸ ನಡೆಯುತ್ತೆ. ನಮಗೆ ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿತು: ಡಿಸ್ಕ್ ಆರಿಸಬೇಕಾದಲ್ಲಿ ಡಿಸ್ಕೇ ಕಾಣಿಸಲಿಲ್ಲ. ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಆಗುತ್ತಂತೆ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ಸ್ಟೋರೇಜ್ ಡ್ರೈವರ್ ತಂದು ಅದೇ ಪೆನ್‌ಡ್ರೈವಿಗೆ ಹಾಕಿ, ಲೋಡ್ ಡ್ರೈವರ್ ಒತ್ತಿದ ಮೇಲೆ ಡಿಸ್ಕ್ ಬಂತು. ಮನೆ ಬಳಕೆಯ ವಿಂಡೋಸ್ ಹೋಮ್ ಲೈಸೆನ್ಸ್ ಆಮೇಲೆ ದುಡ್ಡು ಕೊಟ್ಟು ತಗೊಂಡೆ, ಉಳಿಸಿದ ಆರು ಸಾವಿರಕ್ಕಿಂತ ಜಾಸ್ತಿಯೇ ಆಯಿತು. ಹೋಮ್ ಕೀ ಪ್ರೋ ಮೇಲೆ ಕೂರೋದಿಲ್ಲ, ಹಾಗಾಗಿ ಹಾಕುವಾಗಲೇ ಹೋಮ್ ಆರಿಸಿ.

ಈಗಾಗಲೇ ಹಾಕಿಸಿಕೊಂಡಿದ್ದರೆ ಇವತ್ತೇ ನೋಡಿಕೊಳ್ಳಿ. ವಿಂಡೋಸ್ ಬಟನ್ ಮತ್ತು ಆರ್, ಆಮೇಲೆ ಇಂಗ್ಲಿಷಿನಲ್ಲಿ ಎಸ್ಎಲ್ಎಂಜಿಆರ್, ಒಂದು ಸ್ಪೇಸ್, ಸ್ಲ್ಯಾಷ್, ಡಿಎಲ್ಐ, ಎಂಟರ್. ರಿಟೇಲ್ (ಚಿಲ್ಲರೆ ಲೈಸೆನ್ಸ್) ಅಥವಾ ಓಇಎಂ (ಲ್ಯಾಪ್‌ಟಾಪ್ ಕಂಪನಿ ಜೊತೆಗೆ ಕೊಡುವ ಲೈಸೆನ್ಸ್) ಅಂತ ಬಂದರೆ ನನಗಾದ ಈ ಕೆಎಂಎಸ್ ಮೋಸ ಅಲ್ಲ, ಆದರೂ ಅಷ್ಟಕ್ಕೇ ಅಸಲಿ ಅಂತ ಖಾತ್ರಿ ಇಲ್ಲ. ಮನೆ ಲ್ಯಾಪ್‌ಟಾಪಿನಲ್ಲಿ ಕೆಎಂಎಸ್ ಅಂತ ಬಂದರೆ ನಿಮಗೂ ನಾಮ ಬಿದ್ದಿದೆ. ಬರೀ ಹಸಿರು ಟಿಕ್ ನಂಬಬೇಡಿ. ವಿಂಡೋಸ್‌ಗೆ ದುಡ್ಡು ಕೊಡೋದಾದರೆ ಅದೇ ಜಿಎಸ್‌ಟಿ ಬಿಲ್‌ನಲ್ಲಿ ಅದರ ಹೆಸರು ಬರೆಸಿ, ಬರೆಯಲ್ಲ ಅಂದರೆ ಎದ್ದು ಬನ್ನಿ.

ನಾನು 1915ಕ್ಕೆ, ಅದೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ವಾಟ್ಸ್ಆ್ಯಪ್ ಮಾತುಕತೆ ಎಲ್ಲ ಕಳಿಸಿದ್ದೇನೆ. ಅಂಗಡಿಯವರ ಉತ್ತರ ಬಂದಿದೆ, ಲ್ಯಾಪ್‌ಟಾಪನ್ನು ಡಾಸ್ ಮಾಡೆಲ್ ಅಂತಲೇ ಮಾರಿದ್ದೇವೆ, ಗ್ರಾಹಕರು ಹೊರಗಡೆ ಎಲ್ಲೋ ವಿಂಡೋಸ್ ಹಾಕಿಸಿಕೊಂಡಿದ್ದಾರೆ ಅಂತ. ಹೊರಗಡೆಯಂತೆ! ಅವರದೇ ಕೌಂಟರ್ ಮೇಲೆ, ಅವರದೇ ಚಾರ್ಜರ್ ಪಾಯಿಂಟಿನಲ್ಲಿ!