ಜಿಸಿಸಿಯ ‘-ಎಚ್’: ಹೆಡರ್ ಎಲ್ಲಿಂದ ಬಂತು ಅಂತ ಬಾಯಿ ಬಿಡಿಸುವ ಆಯ್ಕೆ

ಅಂಕ: 5ಕ್ಕೆ 4

ದೇವರಾಜ ಮಾರುಕಟ್ಟೆಯಲ್ಲಿ ನಿಂತು ‘ಅಣ್ಣಾ’ ಅಂತ ಕೂಗಿದರೆ ಮೊದಲು ತಿರುಗಿದವರೇ ಅಣ್ಣ. ಜಿಸಿಸಿ ಅನ್ನೋದು ಸಿ, ಸಿ++ ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸುವ ಕಂಪೈಲರ್. ಅದು ಹೆಡರ್ (ಲೈಬ್ರರಿಯ ಫಂಕ್ಷನ್ ಹೆಸರುಗಳಿರುವ ಫೈಲ್) ಹುಡುಕೋದೂ ಹಾಗೇ. ಸಾಲಿನಲ್ಲಿ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತೆ, ವರ್ಷನ್ ಕೇಳೋದಿಲ್ಲ. ಒಂದೇ ಮೆಷಿನ್‌ಗೆ ನಾಲ್ಕು ಬ್ಯಾಚ್‌ನವರು ಲೈಬ್ರರಿ ತುಂಬಿಟ್ಟಿರುವ ಮೈಸೂರು, ಮಂಡ್ಯದ ಕಾಲೇಜು ಲ್ಯಾಬ್‌ಗಳಿಗೆ ಯಾವ ಹೆಡರ್ ಯಾವ ಫೋಲ್ಡರ್‌ನಿಂದ ಬಂತು ಅಂತ ತೋರಿಸುವ ಈ ‘-ಎಚ್’ ಆಯ್ಕೆ ಹೇಳಿ ಮಾಡಿಸಿದ್ದು. ನೆನಪಿರಲಿ, ಇದು ದೊಡ್ಡಕ್ಷರದ ಎಚ್.

ಉಬುಂಟು 20.04ರಲ್ಲಿ ಇರೋದು ಎನ್‌ಕ್ರಿಪ್ಶನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.1.1. ಯಾರೋ ಕೋಂಡಾ ಅನ್ನೋ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಅದರದೇ 3.0 ಹಾಕಿ, ಅದರ ಇನ್‌ಕ್ಲೂಡ್ ಫೋಲ್ಡರನ್ನು ‘ಸಿಪಾತ್’ (ಹೆಡರ್ ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ) ವೇರಿಯಬಲ್‌ಗೆ ಸೇರಿಸಿ, ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗಲೆಲ್ಲ ಓಡುವ ಫೈಲ್) ಬಿಟ್ಟು ಹೋಗಿದ್ದಾರೆ ಅಂತಿಟ್ಟುಕೊಳ್ಳಿ. ಕಂಪೈಲ್ ಸಲೀಸಾಗಿ ಆಗುತ್ತೆ. ಲಿಂಕ್ ಮಾಡುವಾಗ, ಅಂದರೆ ಕಂಪೈಲ್ ಆದ ಕೋಡನ್ನು ಲೈಬ್ರರಿಗೆ ಜೋಡಿಸುವಾಗ, ‘ಎಸ್‌ಎಸ್‌ಎಲ್_ಗೆಟ್1_ಪಿಯರ್_ಸರ್ಟಿಫಿಕೇಟ್’ ಸಿಗಲಿಲ್ಲ ಅನ್ನುತ್ತೆ. ಕೋಡ್‌ನಲ್ಲಿ ಆ ‘1’ ಎಲ್ಲೂ ಇಲ್ಲ! ಹಳೇ ಹೆಸರನ್ನು ಹೊಸದಕ್ಕೆ ತಿರುಗಿಸುವ ಮ್ಯಾಕ್ರೋ 3.0 ಹೆಡರ್‌ನಲ್ಲಿದೆ, ಲಿಂಕ್ ಆಗುತ್ತಿರೋದು 1.1.1 ಲೈಬ್ರರಿಗೆ. ಲೈಬ್ರರಿಯನ್ನು ಹತ್ತು ಸಲ ರೀಇನ್‌ಸ್ಟಾಲ್ ಮಾಡಿದರೂ ಪ್ರಯೋಜನವಿಲ್ಲ.

‘ಮೇಕ್ ವರ್ಬೋಸ್=1’ ಕೊಟ್ಟು, ಸಿಮೇಕ್ ಅನ್ನೋ ಬಿಲ್ಡ್ ಸಾಧನ ತಯಾರಿಸಿದ ಪೂರ್ತಿ ಕಂಪೈಲರ್ ಕಮಾಂಡ್ ತೆಗೆದುಕೊಳ್ಳಿ. ಅದಕ್ಕೆ ‘-ಎಚ್ -ಎಫ್‌ಸಿಂಟ್ಯಾಕ್ಸ್-ಓನ್ಲಿ’ ಸೇರಿಸಿ (ಎರಡನೆಯದು ಆಬ್ಜೆಕ್ಟ್ ಫೈಲ್ ಮಾಡದೆ ಕೋಡ್ ಪರೀಕ್ಷೆ ಮಾತ್ರ ಮಾಡಿಸುತ್ತೆ). ಔಟ್‌ಪುಟ್ ಬರೋದು ಸ್ಟ್ಯಾಂಡರ್ಡ್ ಎರರ್‌ಗೆ, ಹಾಗಾಗಿ ‘2>&1’ ಹಾಕದೆ ಗ್ರೆಪ್ (ಸಾಲುಗಳನ್ನು ಸೋಸುವ ಕಮಾಂಡ್) ಮಾಡಿದರೆ ಏನೂ ಸೋಸಿ ಬರೋದಿಲ್ಲ. ಒಂದು ಚುಕ್ಕಿ ಅಂದರೆ ನಿಮ್ಮ ಫೈಲೇ ಕರೆದ ಹೆಡರ್, ಎರಡು ಚುಕ್ಕಿ ಅಂದರೆ ಆ ಹೆಡರ್ ಕರೆದದ್ದು. ‘ಎಸ್‌ಎಸ್‌ಎಲ್.ಎಚ್’ ಎದುರು ಕೋಂಡಾ ಪಾತ್ ಕಂಡರೆ ಕಳ್ಳ ಸಿಕ್ಕಿದ ಹಾಗೆ. ‘ಎನ್ವ್ -ಯು ಸಿಪಾತ್ ಮೇಕ್’ ಕೊಟ್ಟು, ಅಂದರೆ ಸಿಪಾತ್ ತೆಗೆದುಹಾಕಿ, ಮತ್ತೆ ಬಿಲ್ಡ್ ಮಾಡಿ. ಹಳೇ ಆಬ್ಜೆಕ್ಟ್ ಫೈಲ್‌ಗಳನ್ನು ಮೊದಲು ಅಳಿಸಿರಬೇಕು.

ಕಳೆದ ಒಂದು ಅಂಕ ಯಾಕೆ? ಯಾವ ಹೆಡರ್ ಗೆದ್ದಿತು ಅಂತ ಹೇಳುತ್ತೆ, ಯಾಕೆ ಗೆದ್ದಿತು ಅನ್ನೋದಿಲ್ಲ. ಅದಕ್ಕೆ ಅದೇ ಕಮಾಂಡ್‌ಗೆ ‘-ವಿ’ ಹಾಕಿ ಹುಡುಕಾಟದ ಪಟ್ಟಿ ನೋಡಬೇಕು. ಆಂಗಲ್ ಬ್ರ್ಯಾಕೆಟ್ ಹೆಡರ್‌ಗೆ ಮೊದಲು ‘-ಐ’ ಆಯ್ಕೆಯಲ್ಲಿ ಕೊಟ್ಟ ಫೋಲ್ಡರ್‌ಗಳು, ಆಮೇಲೆ ಸಿಪಾತ್, ಆಮೇಲೆ ‘-ಐಸಿಸ್ಟಂ’ನಲ್ಲಿ ಕೊಟ್ಟವು, ಕೊನೆಗೆ ಸಿಸ್ಟಂ ಫೋಲ್ಡರ್‌ಗಳು. ಅಲ್ಲೂ ‘/ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್’ ಮೊದಲು, ‘/ಯುಎಸ್‌ಆರ್/ಇನ್‌ಕ್ಲೂಡ್’ ಆಮೇಲೆ. ಕೋಟ್ ಹಾಕಿದ ಹೆಡರ್ ಆದರೆ ಎಲ್ಲಕ್ಕಿಂತ ಮೊದಲು ಕರೆದ ಫೈಲ್ ಇರುವ ಫೋಲ್ಡರನ್ನೇ ನೋಡುತ್ತೆ.

ಈ ಪಟ್ಟಿ ನೋಡಿದರಷ್ಟೇ ಬಿಡಿಸಬಹುದಾದ ಕಗ್ಗಂಟೂ ಒಂದಿದೆ. ‘-ಐಸಿಸ್ಟಂ /ಯುಎಸ್‌ಆರ್/ಇನ್‌ಕ್ಲೂಡ್’ ಅಂತ ಕೊಟ್ಟರೆ ಜಿಸಿಸಿ 6ರಿಂದೀಚೆಗೆ ‘ಸಿಎಸ್‌ಟಿಡಿಲಿಬ್’ ಅನ್ನೋ ಸಿ++ ಹೆಡರ್ ಒಳಗೆ ‘ಎಸ್‌ಟಿಡಿಲಿಬ್.ಎಚ್’ ಇಲ್ಲ ಅನ್ನುತ್ತೆ, ಫೈಲ್ ಕಣ್ಣೆದುರೇ ಇದ್ದರೂ. ಅಲ್ಲಿರೋದು ‘ಇನ್‌ಕ್ಲೂಡ್_ನೆಕ್ಸ್ಟ್’. ಅದು ಪಟ್ಟಿಯಲ್ಲಿ ಸಿ++ ಫೋಲ್ಡರ್ ಆದಮೇಲೆ ಬರುವ ಫೋಲ್ಡರ್‌ಗಳಲ್ಲಿ ಮಾತ್ರ ಹುಡುಕುತ್ತೆ, ನೀವು ‘/ಯುಎಸ್‌ಆರ್/ಇನ್‌ಕ್ಲೂಡ್’ ಅನ್ನು ಅದಕ್ಕಿಂತ ಮೊದಲಿನ ಸೀಟಿಗೆ ಕೂರಿಸಿರುತ್ತೀರಿ. ಆ ಫ್ಲ್ಯಾಗ್ ತೆಗೆಯಿರಿ, ಬೇರೆ ಮದ್ದು ಬೇಡ.

‘ಐಒಸ್ಟ್ರೀಮ್’ ಒಂದೇ ನೂರಕ್ಕೂ ಹೆಚ್ಚು ಸಾಲು ಕಕ್ಕುತ್ತೆ. ಕೊನೆಯಲ್ಲಿ ಬರುವ ಇನ್‌ಕ್ಲೂಡ್ ಗಾರ್ಡ್ (ಒಂದೇ ಹೆಡರ್ ಎರಡು ಸಲ ಸೇರದಂತೆ ತಡೆಯುವ ಸಾಲುಗಳು) ಪಟ್ಟಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ, ಓದದೇ ದಾಟಿಬಿಡಿ.