ಕಾಲೇಜು ಫುಟ್‌ಬಾಲ್ ಸೈಡ್‌ಲೈನಿನಲ್ಲಿ ಕ್ಯಾನನ್ 70-200 ಎಫ್/2.8: ಹಲವು ಸೀಸನ್‌ಗಳ ಬಳಕೆಯ ನಂತರ

ಅಮೆರಿಕದ ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಆಟ) ಪಂದ್ಯವನ್ನು ಸೈಡ್‌ಲೈನಿನಿಂದ, ಅಂದರೆ ಮೈದಾನದ ಪಕ್ಕದ ಗೆರೆಯಿಂದ, ಫೋಟೋ ತೆಗೆಯಲು 400 ಮಿ.ಮೀ. ಲೆನ್ಸ್ ಇಲ್ಲದೆ ಆಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಓಹಾಯೋದ ಮೂರನೇ ಡಿವಿಷನ್ನಿನ ಸಣ್ಣ ಕಾಲೇಜುಗಳ ಪಂದ್ಯಗಳನ್ನು ಹಲವು ಸೀಸನ್‌ಗಳಿಂದ ಕ್ಯಾನನ್ ಇಎಫ್ 70-200 ಎಫ್/2.8 ಎಲ್ ಐಎಸ್ 2 ಲೆನ್ಸಿನಲ್ಲಿ, 7ಡಿ ಮಾರ್ಕ್ 2 ಕ್ಯಾಮೆರಾದೊಂದಿಗೆ ತೆಗೆಯುತ್ತ ಬಂದಿರುವ ನನ್ನ ಮಟ್ಟಿಗೆ ಧಾರಾಳವಾಗಿ ಆಗುತ್ತದೆ. ನಿಲ್ಲುವ ಜಾಗವನ್ನು ಮಾತ್ರ ಸರಿಯಾಗಿ ಆರಿಸಿಕೊಳ್ಳಬೇಕು.

ಮೈದಾನದ ಅಗಲ 160 ಅಡಿ. ಕಾಲೇಜು ಆಟದಲ್ಲಿ ಚೆಂಡನ್ನು ಎರಡು ಹ್ಯಾಷ್ ಗುರುತುಗಳ (ಮೈದಾನದ ಉದ್ದಕ್ಕೂ ಸಾಗುವ ಗಿಡ್ಡ ಗೆರೆಗಳ ಎರಡು ಸಾಲು) ನಡುವೆಯೇ ಇಟ್ಟು ಪ್ರತಿ ಡೌನನ್ನೂ, ಅಂದರೆ ಚೆಂಡನ್ನು ಮುಂದೊಯ್ಯುವ ಪ್ರತಿ ಯತ್ನವನ್ನೂ, ಆರಂಭಿಸುತ್ತಾರೆ. ನಮ್ಮ ಕಡೆಯ ಸೈಡ್‌ಲೈನಿನಿಂದ ಹತ್ತಿರದ ಹ್ಯಾಷ್ 60 ಅಡಿ, ಆಚೆಯದು 100 ಅಡಿ. ಫೋಟೋಗ್ರಾಫರುಗಳು ಸೈಡ್‌ಲೈನಿನಿಂದ ಸಾಮಾನ್ಯವಾಗಿ 12 ಅಡಿ ಹಿಂದಿರುವ ತುಂಡುಗೆರೆಯನ್ನು ದಾಟುವಂತಿಲ್ಲವಾದ್ದರಿಂದ, ನಮಗೂ ಚೆಂಡಿಗೂ ನಡುವಿನ ಅಂತರ ಕನಿಷ್ಠ 22 ಮೀಟರ್, ಆಚೆಯ ಹ್ಯಾಷಿನಲ್ಲಾದರೆ 34 ಮೀಟರ್. 7ಡಿ ಮಾರ್ಕ್ 2ರ ಸಣ್ಣ ಸೆನ್ಸರಿನ 1.6 ಗುಣಕದಿಂದ 200 ಮಿ.ಮೀ. ಎಂಬುದು ಪೂರ್ಣ ಗಾತ್ರದ ಸೆನ್ಸರಿನಲ್ಲಿ 320 ಮಿ.ಮೀ. ತೋರುವಷ್ಟು ಹತ್ತಿರ ಕಾಣುತ್ತದೆ. ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದಾಗ 34 ಮೀಟರ್ ದೂರದಲ್ಲಿ ಸುಮಾರು ಎರಡೂವರೆ ಮೀಟರ್ ಎತ್ತರ ಚೌಕಟ್ಟಿನೊಳಗೆ ಬರುತ್ತದೆ. ಅಂದರೆ ಆಚೆಯ ಹ್ಯಾಷಿನಲ್ಲಿ ನಿಂತ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆಯುವ ಆಟಗಾರ) ಹೆಲ್ಮೆಟ್ಟಿನಿಂದ ಶೂವಿನವರೆಗೆ ತುಂಬಿಕೊಳ್ಳುತ್ತಾನೆ, ಈಚೆಯ ಹ್ಯಾಷಿನಲ್ಲಾದರೆ ಮೊಣಕಾಲಿನಿಂದ ಮೇಲಕ್ಕೆ ಸಿಗುತ್ತಾನೆ. ಇದಕ್ಕಿಂತ ಹೆಚ್ಚಿನ ವ್ಯಾಪ್ತಿ ಬೇಕೆನ್ನುವವರು ಬಹುತೇಕ ಚೆಂಡಿನ ಹಿಂದೆ ನಿಂತವರು. ಆಕ್ರಮಣದ ತಂಡ ಸಾಗುವ ದಿಕ್ಕಿನಲ್ಲಿ ಚೆಂಡಿಗಿಂತ ಹತ್ತು ಹದಿನೈದು ಗಜ ಮುಂದೆ ಹೋಗಿ ಮಂಡಿಯೂರಿದರೆ ಆಟಗಾರರ ಮುಖವೂ ನಮ್ಮ ಕಡೆಗಿರುತ್ತದೆ, ಆಟವೂ ನಮ್ಮತ್ತಲೇ ಬರುತ್ತದೆ. ಸೈಡ್‌ಲೈನಿನ ನಡುಭಾಗದಲ್ಲಿರುವ ತಂಡಗಳ ಬೆಂಚಿನ ಜಾಗಕ್ಕೆ ನಮಗೆ ಪ್ರವೇಶವಿಲ್ಲದ ಕಾರಣ, ಚೆಂಡು ಮೈದಾನದ ನಡುವೆಯೇ ತೆವಳುತ್ತಿರುವ ಹೊತ್ತಿನಲ್ಲಿ ಮಾತ್ರ ಲೆನ್ಸ್ ಚಿಕ್ಕದೆನಿಸುತ್ತದೆ. ಅಂಥ ಡೌನ್‌ಗಳನ್ನು ನಾನು ಚಿಂತೆಯಿಲ್ಲದೆ ಬಿಟ್ಟುಬಿಡುತ್ತೇನೆ.

ಝೂಮಿನ ನಿಜವಾದ ಬೆಲೆ ತಿಳಿಯುವುದು ಮೈದಾನದ ಕೊನೆಯ 20 ಗಜಗಳಲ್ಲಿ. ಎಂಡ್ ಝೋನಿನ (ಅಂಕ ಗಳಿಸುವ, ಮೈದಾನದ ತುದಿಯ ಪಟ್ಟಿ) ಹಿಂಬದಿಯ ಮೂಲೆಯಲ್ಲಿ ಕುಳಿತಿರುವಾಗ ಕ್ವಾರ್ಟರ್‌ಬ್ಯಾಕ್ ಕೈಯೆತ್ತುವ ಕ್ಷಣವನ್ನು 200ರಲ್ಲಿ ಹಿಡಿದು, ಚೆಂಡು ಗಾಳಿಯಲ್ಲಿರುವಷ್ಟರಲ್ಲಿ ರಿಂಗನ್ನು 70ಕ್ಕೆ ತಿರುಗಿಸಿ, ಎಂಡ್ ಝೋನಿನ ಮೂಲೆ ತೋರುವ ಕಿತ್ತಳೆ ಬಣ್ಣದ ಪೈಲಾನಿನ ಬಳಿ ರಿಸೀವರ್ ಹಾರಿ ಹಿಡಿಯುವುದನ್ನು ತೆಗೆಯಬಹುದು. ಈ ಲೆನ್ಸಿನಲ್ಲಿ ಝೂಮ್ ಮಾಡಿದಾಗ ಉದ್ದ ಬದಲಾಗುವುದಿಲ್ಲವಾದ್ದರಿಂದ ಮಾನೊಪಾಡಿನ (ಒಂಟಿಕಾಲಿನ ಆಸರೆ) ಮೇಲಿನ ತೂಕದ ಸಮತೋಲವೂ ಕೆಡುವುದಿಲ್ಲ. ಆದರೆ ಇದೇ ಸಣ್ಣ ಸೆನ್ಸರ್ ಇಲ್ಲಿ ಅಡ್ಡಿಯಾಗುತ್ತದೆ: ಆರೇಳು ಮೀಟರಿಗೆ ಬಂದ ಆಟಗಾರನಿಗೆ 70 ಮಿ.ಮೀ. ಕೂಡ ಬಿಗಿಯೇ, ಕ್ಯಾಮೆರಾವನ್ನು ನಿಲುವಾಗಿ ಹಿಡಿದರಷ್ಟೇ ಕೈಕಾಲು ಕತ್ತರಿಸಿಹೋಗದೆ ಉಳಿಯುತ್ತವೆ. ಅದಕ್ಕಿಂತಲೂ ಹತ್ತಿರ ಬಂದರೆ ಚಿತ್ರದ ಆಸೆ ಬಿಟ್ಟು ಪಕ್ಕಕ್ಕೆ ಸರಿಯುವುದೇ ಜಾಣತನ.

ಸಂಜೆಯ ಪಂದ್ಯಗಳಲ್ಲಿ ಎಫ್/2.8, ಅಂದರೆ ಹೆಚ್ಚು ಬೆಳಕನ್ನು ಒಳಬಿಡುವ ಅಗಲವಾದ ಕಿಂಡಿ, ಅನಿವಾರ್ಯ. ಓಟವನ್ನು ಅಲುಗದಂತೆ ಹಿಡಿಯಲು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಶಟರ್ ವೇಗ ಬೇಕು. ಸಣ್ಣ ಕಾಲೇಜುಗಳ ದೀಪಗಳಡಿಯಲ್ಲಿ ಅದಕ್ಕೆ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 3200ರಿಂದ 6400ರವರೆಗೆ ಏರಿಸಬೇಕಾಗುತ್ತದೆ. ಎಫ್/4ರ ಲೆನ್ಸ್ ಆದರೆ ಇದರ ದುಪ್ಪಟ್ಟು, ಅಷ್ಟರ ಹೊತ್ತಿಗೆ ಹೆಲ್ಮೆಟ್ಟಿನ ಜಾಲರಿಯ ಹಿಂದಿನ ಕಣ್ಣುಗಳು ಬರೀ ಕಾಳುಕಾಳಾಗಿ ಕಾಣುತ್ತವೆ. ಹಳೆಯ ಕ್ರೀಡಾಂಗಣದ ದೀಪಗಳಿಗೆ ಇನ್ನೊಂದು ಚಾಳಿಯಿದೆ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್ ಆದ್ದರಿಂದ ಅವು ಸೆಕೆಂಡಿಗೆ 120 ಸಲ ಏರಿಳಿಯುತ್ತವೆ (ನಮ್ಮೂರಿನ 50 ಹರ್ಟ್ಸ್‌ನಲ್ಲಾದರೆ 100 ಸಲ), ಹೀಗಾಗಿ ಒಂದೇ ಬರ್ಸ್ಟಿನ (ಗುಂಡಿ ಒತ್ತಿಹಿಡಿದು ಸಾಲಾಗಿ ತೆಗೆದ ಚಿತ್ರಗಳು) ಮೊದಲ ಚಿತ್ರ ಬೆಳ್ಳಗೆ, ಮುಂದಿನದು ಕಂದುಬಣ್ಣಕ್ಕೆ ತಿರುಗಿ ಮಂಕಾಗಿ ಬರುತ್ತದೆ. 2014ರಲ್ಲಿ ಬಂದ 7ಡಿ ಮಾರ್ಕ್ 2ರಲ್ಲಿರುವ ಆಂಟಿ-ಫ್ಲಿಕರ್ ಸೌಲಭ್ಯವು ಬೆಳಕು ಶಿಖರ ಮುಟ್ಟುವ ಗಳಿಗೆಗೆ ಕಾದು ಶಟರ್ ತೆರೆಯುತ್ತದೆ. ಸೆಕೆಂಡಿಗೆ 10 ಚಿತ್ರಗಳ ವೇಗ ಒಂದಿಷ್ಟು ತಗ್ಗಿದರೂ ಬಣ್ಣ ತಿದ್ದುವ ಕೂಲಿ ಕೆಲಸ ತಪ್ಪುತ್ತದೆ. ಫ್ಲ್ಯಾಶಿನ ಯೋಚನೆಯೇ ಬೇಡ.

ಫೋಕಸಿನ ವೇಗದ ಬಗ್ಗೆ ದೂರಿಲ್ಲ. ಹತ್ತಿರದ ವಸ್ತುಗಳನ್ನು ಹುಡುಕದಂತೆ ಲಿಮಿಟರನ್ನು 2.5 ಮೀಟರಿಗೆ ಹಾಕಿಡುತ್ತೇನೆ, ಕ್ಯಾಮೆರಾದಲ್ಲಿ ಕೇಸ್ 2 ಎಂಬ ಫೋಕಸ್ ಸೆಟ್ಟಿಂಗ್ (ಅಡ್ಡ ಬಂದದ್ದನ್ನು ಕಡೆಗಣಿಸುವಂಥದ್ದು) ಆರಿಸಿಕೊಂಡರೆ ಪಟ್ಟೆ ಅಂಗಿಯ ರೆಫರಿ ಅಡ್ಡ ಓಡಿದರೂ ಫೋಕಸ್ ಆಟಗಾರನನ್ನು ಬಿಡುವುದು ಕಡಿಮೆ. ಈ ಶಟರ್ ವೇಗದಲ್ಲಿ ಐಎಸ್ (ಕೈಯ ಅಲುಗಾಟವನ್ನು ಸರಿದೂಗಿಸುವ ವ್ಯವಸ್ಥೆ) ಇದ್ದೂ ಇಲ್ಲದಂತೆ. ನಾನದನ್ನು ಆಫ್ ಮಾಡಿಯೇ ಇಡುತ್ತೇನೆ.

ತೂಕ ಮಾತ್ರ 1,490 ಗ್ರಾಂ. ಮೊದಲ ಕ್ವಾರ್ಟರಿನಲ್ಲಿ ಅದು ತಿಳಿಯುವುದಿಲ್ಲ, ನಾಲ್ಕನೆಯದರಲ್ಲಿ ಎಡ ಮಣಿಕಟ್ಟು ನೆನಪಿಸುತ್ತದೆ, ಆದ್ದರಿಂದ ಮಾನೊಪಾಡನ್ನು ಕ್ಯಾಮೆರಾಕ್ಕಲ್ಲದೆ ಲೆನ್ಸಿನ ಕಾಲರಿಗೇ (ಲೆನ್ಸನ್ನು ಸುತ್ತುವರಿದ ಬಳೆ) ಬಿಗಿಯುವುದು ಒಳ್ಳೆಯದು. ಕೃತಕ ಹುಲ್ಲಿನ ಮೈದಾನದಲ್ಲಿ ಒಂದು ಎಚ್ಚರಿಕೆ: ಹುಲ್ಲಿನ ನಡುವೆ ತುಂಬಿರುವ ಕಪ್ಪು ರಬ್ಬರ್ ಚೂರುಗಳು ಪ್ರತಿ ಟ್ಯಾಕಲಿಗೂ ಚಿಮ್ಮಿ ಲೆನ್ಸಿನ ಮುಂದಿನ ಹುಡ್ಡಿನೊಳಗೂ ಕಾಲರಿನ ಸಂದಿನಲ್ಲೂ ಸೇರಿಕೊಳ್ಳುತ್ತವೆ, ಪಂದ್ಯ ಮುಗಿದ ಮೇಲೆ ಕಾಲರನ್ನು ಬಿಚ್ಚಿ ಬ್ರಶ್ಶಿನಲ್ಲಿ ಗುಡಿಸದಿದ್ದರೆ ಅದು ಕಿರುಗುಟ್ಟುತ್ತ ತಿರುಗುತ್ತದೆ. ನನ್ನ ಲೆನ್ಸಿನ ಬಿಳಿ ಬಣ್ಣ ಅಲ್ಲಲ್ಲಿ ಉದುರಿದೆಯಾದರೂ ಒಳಗೆ ಇದುವರೆಗೆ ರಿಪೇರಿಯ ಮಾತು ಬಂದಿಲ್ಲ.

2010ರ ಈ ಲೆನ್ಸನ್ನು ಇಂದು ಕೊಳ್ಳುವವರು ಸೆಕೆಂಡ್ ಹ್ಯಾಂಡಿನಲ್ಲೇ ಹುಡುಕಬೇಕು. 2018ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಮುಖ್ಯವಾಗಿ ಗಾಜಿನ ಲೇಪ ಬದಲಾಯಿತೇ ಹೊರತು ಗಾಜಿನ ವಿನ್ಯಾಸವಲ್ಲ; ಎದುರುಬಿಸಿಲಿಗೆ ಹೆಚ್ಚು ತೆಗೆಯದವರು ಅದಕ್ಕೆ ಹೆಚ್ಚಿನ ಹಣ ಕೊಡಬೇಕಿಲ್ಲ. ಮಿರರ್‌ಲೆಸ್ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದು. 2019ರ ಆರ್‌ಎಫ್ 70-200 ಎಫ್/2.8 ಬರೀ 1,070 ಗ್ರಾಂ ಇದ್ದು ಕೈಗೆ ಹಗುರವೇನೋ ಹೌದು, ಆದರೆ ಅದಕ್ಕೆ ಎಕ್ಸ್‌ಟೆಂಡರ್ (ಲೆನ್ಸಿನ ವ್ಯಾಪ್ತಿಯನ್ನು ಹೆಚ್ಚಿಸುವ ಜೋಡಣೆ) ಹೊಂದುವುದಿಲ್ಲ. ಹಗಲು ಪಂದ್ಯಗಳಲ್ಲಿ 1.4 ಎಕ್ಸ್‌ಟೆಂಡರ್ ಹಾಕಿ 280 ಮಿ.ಮೀ. ಎಫ್/4 ಮಾಡಿಕೊಳ್ಳುವ ಅಭ್ಯಾಸ ನನಗಿರುವುದರಿಂದ ಸದ್ಯಕ್ಕೆ ಹಳೆಯದನ್ನು ಮಾರುವ ವಿಚಾರವಿಲ್ಲ.